ರಫ್ ಪುಸ್ತಕವೇ ಸಾಕ್ಷಿ

ಮಾನ್ಯರೆ,

ವಿದೇಶದ ವಿಜ್ಞಾನ ಮೇಳಕ್ಕೆ ಆಯ್ಕೆಯಾದ ಮಕ್ಕಳಿಗೆ ಶಾಲು ಹೊದಿಸಿದ ಚಿತ್ರಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅಲ್ಲಿಗೆ ಹೊರಡುವ ಮುನ್ನ ಆ ಮಕ್ಕಳು ಮಾಡಿಕೊಳ್ಳಬೇಕಾದ ಸಿದ್ಧತೆ ಮಾತ್ರ ಸುದ್ದಿಯಾಗುವುದಿಲ್ಲ. ಅಂಥ ಒಬ್ಬ ವಿದ್ಯಾರ್ಥಿನಿಗೆ ಮಾರ್ಗದರ್ಶಕಿಯಾಗಿರುವ ನಾನು, ಕಣ್ಣಾರೆ ಕಂಡ ಕೊರತೆಯೊಂದನ್ನು ಶಿಕ್ಷಣ ಇಲಾಖೆಯ ಗಮನಕ್ಕೆ ತರಬಯಸುತ್ತೇನೆ.

ಪಾವಗಡ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ, ಬೇರೆ ಜಲಮೂಲವಿಲ್ಲದ ಕಡೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಹುಣಸೆಹಣ್ಣಿನ ಸಿಪ್ಪೆಯ ಇದ್ದಿಲು ಅದನ್ನು ಎಷ್ಟರಮಟ್ಟಿಗೆ ಹೀರಿಕೊಳ್ಳುತ್ತದೆ ಎಂದು ನಮ್ಮ ಹುಡುಗಿ ಏಳು ತಿಂಗಳು ಅಳೆದಳು. ಅಳತೆಗಳೆಲ್ಲ ಒಂದು ರಫ್ ಪುಸ್ತಕದಲ್ಲಿದ್ದವು; ಪುಟಗಳ ಮೇಲೆ ನೀರು ಚೆಲ್ಲಿದ ಕಲೆ, ತಪ್ಪಿದ ಅಂಕಿಗಳ ಮೇಲೆ ಗೀಟು. ರೆಕಾರ್ಡ್ ನೀಟಾಗಿಲ್ಲದಿದ್ದರೆ ಅಂಕ ಕಳೆಯುವ ನಮ್ಮ ಪದ್ಧತಿಯನ್ನು ಚೆನ್ನಾಗಿ ಬಲ್ಲ ಆಕೆ, ಜಿಲ್ಲಾ ಮಟ್ಟದ ಪ್ರದರ್ಶನಕ್ಕೆ ಮುನ್ನ ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಹೊಸ ಪುಸ್ತಕಕ್ಕೆ ಇಳಿಸಿ, ಹಳೆಯದನ್ನು ಹಂಡೆಯ ಒಲೆಗೆ ಹಾಕಿದಳು. ಹಾಗೆ ಕಲಿಸಿದವರಲ್ಲಿ ನಾನೂ ಒಬ್ಬಳು. ಮೊನ್ನೆ ಅಭ್ಯಾಸ ಸಂದರ್ಶನ ನಡೆಸಿಕೊಟ್ಟ ನಿವೃತ್ತ ಪ್ರಾಧ್ಯಾಪಕರೊಬ್ಬರು ಆ ಪುಸ್ತಕ ತಿರುವಿ, "ಏಳು ತಿಂಗಳು ಒಂದೇ ಪೆನ್ನಿನಲ್ಲಿ ಬರೆದೆಯೇನಮ್ಮ?" ಎಂದು ಕೇಳಿದಾಗ ಇಬ್ಬರಿಗೂ ಉತ್ತರ ತೋಚಲಿಲ್ಲ. ಅಳತೆಗಳನ್ನು ಅಂದಂದೇ ಬರೆದದ್ದಕ್ಕೆ ಸಾಕ್ಷಿಯಾಗಿದ್ದ ರಫ್ ಪುಸ್ತಕ ಆಗಲೇ ಬೂದಿಯಾಗಿತ್ತು.

ಆಕೆ ಹೊರಟಿರುವುದು ಅಮೆರಿಕದ ಅಂತರರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳಕ್ಕೆ. 1950ರಿಂದ ನಡೆದುಬಂದಿರುವ ಈ ಮೇಳದಲ್ಲಿ ಯೋಜನೆಯಷ್ಟೇ ಮಹತ್ವ ಅದನ್ನು ನಡೆಸಿದ ಕ್ರಮಕ್ಕೂ ಇದೆ. ಹನ್ನೆರಡು ತಿಂಗಳಿಗಿಂತ ಹೆಚ್ಚಿನ ಅವಧಿಯ ಕೆಲಸವನ್ನು ಒಂದು ಯೋಜನೆಯಾಗಿ ತೋರಿಸುವಂತಿಲ್ಲ, ಸಾರಾಂಶ 250 ಪದ ಮೀರುವಂತಿಲ್ಲ. ಪ್ರದರ್ಶನದ ಜಾಗಕ್ಕೆ ಮಣ್ಣು, ಗಿಡ, ರಾಸಾಯನಿಕ, ಕೊನೆಗೆ ನೀರನ್ನೂ ತರುವಂತಿಲ್ಲ. ನೀರಿನ ಬಗ್ಗೆಯೇ ಮಾತನಾಡಬೇಕಾದ ಹುಡುಗಿ ಊರಿನ ಒಂದು ಹನಿ ನೀರನ್ನೂ ತೋರಿಸಲಾರಳು. ಅಂಕಿಗಳೂ ಛಾಯಾಚಿತ್ರಗಳೂ ಅವಳ ಪರವಾಗಿ ಮಾತನಾಡಬೇಕು. ಮನುಷ್ಯರನ್ನು ಒಳಗೊಂಡ ಯಾವುದೇ ಸಮೀಕ್ಷೆಗೆ ಮುಂಚಿತವಾಗಿಯೇ, ಭಾಗವಹಿಸುವವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ಹೆಚ್ಚಿನ ಫ್ಲೋರೈಡ್‌ನಿಂದ ಬರುವ ಹಲ್ಲಿನ ಕಲೆ, ಮಂಡಿನೋವಿನ ಬಗ್ಗೆ ಬೀದಿಯ ಅಜ್ಜಿಯರನ್ನೆಲ್ಲ ವಿಚಾರಿಸಿ ಆಕೆ ಬರೆದುಕೊಂಡಿದ್ದ ಮಾಹಿತಿಯನ್ನು, ಇಡೀ ಕೆಲಸದ ಜೀವವೇ ಅದಾಗಿದ್ದರೂ, ಇದೇ ಕಾರಣಕ್ಕೆ ಕೈಬಿಡಬೇಕಾಯಿತು.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಹುಡುಗಿ ಇಂಗ್ಲಿಷಿನಲ್ಲಿ ಹೇಗೆ ಉತ್ತರಿಸುತ್ತಾಳೆ ಎಂದು ಹಲವರು ಚಿಂತಿಸುತ್ತಾರೆ. ನನಗೆ ಆ ಚಿಂತೆಯಿಲ್ಲ. ಬೇರೆ ಬೇರೆ ದೇಶಗಳ ಮಕ್ಕಳು ಅಲ್ಲಿ ದುಭಾಷಿಗಳ ನೆರವಿನಿಂದ ಮಾತನಾಡುವುದುಂಟು. ಪಾಸ್‌ಪೋರ್ಟ್, ವೀಸಾಗಳ ಅಲೆದಾಟವನ್ನೂ ಇಲ್ಲಿ ಬೆಳೆಸುವುದಿಲ್ಲ.

ಮೇಲೆ ಹೇಳಿದ ಪರಿಶೀಲನಾ ಮಂಡಳಿಗೆ ಬೇಕಾದವರು ಕನಿಷ್ಠ ಮೂವರು: ಒಬ್ಬ ಶಿಕ್ಷಕರು, ಶಾಲಾ ಆಡಳಿತದ ಒಬ್ಬರು, ಒಬ್ಬ ವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು. ಪ್ರಾಥಮಿಕ ಆರೋಗ್ಯ ಕೇಂದ್ರವಿರುವ ಯಾವ ಹೋಬಳಿಗೂ ಇದು ದುಸ್ತರವಲ್ಲ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ನಮ್ಮ ಮಕ್ಕಳನ್ನು ಅಣಿಗೊಳಿಸುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮತ್ತು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಸೇರಿ ತಾಲ್ಲೂಕಿಗೊಂದು ಇಂಥ ಮಂಡಳಿ ರಚಿಸಲಿ. ಯೋಜನೆ ಕೈಗೊಳ್ಳುವ ಪ್ರತಿ ಮಗುವಿಗೂ ಪುಟಸಂಖ್ಯೆ ಹಾಕಿದ, ಮುಖ್ಯ ಶಿಕ್ಷಕರ ಸಹಿ ಮತ್ತು ದಿನಾಂಕವುಳ್ಳ ಒಂದು ರಫ್ ಪುಸ್ತಕ ಕೊಟ್ಟು, ಅಂಕವನ್ನು ಅದಕ್ಕೇ ಕೊಡಲಿ. ಈ ಸುತ್ತೋಲೆ ಶಾಲೆ ತೆರೆಯುವ ಹೊತ್ತಿಗೇ ಬರಬೇಕು. ಡಿಸೆಂಬರಿನಲ್ಲಿ ಬಂದರೆ, ಹಿಂದಿನ ದಿನಾಂಕ ಹಾಕಿ ಸಹಿ ಮಾಡುವುದನ್ನಷ್ಟೇ ನಾವು ಮಕ್ಕಳಿಗೆ ಕಲಿಸಿದಂತಾಗುತ್ತದೆ.

– ವಿಜ್ಞಾನ ಶಿಕ್ಷಕಿ, ಪಾವಗಡ ತಾಲ್ಲೂಕು