ಚೀಟಿ ಬಂದಿದ್ದಕ್ಕೆ ಬೇಸರ ಬೇಡ

ಒಂದರಿಂದ ಮೂರನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರ.

ಕಳೆದ ವಾರ ಆರೋಗ್ಯ ತಪಾಸಣೆಯವರು ಬಂದುಹೋದ ಮೇಲೆ ಚರ್ಮದ ಮೇಲೆ ಒರಟು ಗುಳ್ಳೆ, ಒಡೆದ ಕಟವಾಯಿ ಕಂಡ ಕೆಲವು ಮಕ್ಕಳ ಕೈಯಲ್ಲಿ ಮನೆಗೆ ಚೀಟಿ ಕಳಿಸಿದ್ದೆವು. ‘ನಮ್ಮ ಮನ್ಯಾಗ ಊಟಕ್ಕ ಕಡಿಮಿ ಐತೇನ್ರಿ?’ ಎಂದು ಕೆಲವರು ಸಿಟ್ಟಾದರು. ‘ಆ ಹುಡುಗರನ್ನ ಬ್ಯಾರೆ ಕೂಡ್ಸ್ರಿ’ ಎಂದರು ಇನ್ನು ಕೆಲವರು.

ಬೇರೆ ಕೂಡಿಸುವುದಿಲ್ಲ. ಇದು ಕಜ್ಜಿಯಲ್ಲ, ಗಜಕರ್ಣವೂ ಅಲ್ಲ. ಮುಟ್ಟಿದರೆ ಅಂಟುವುದಿಲ್ಲ.

ಇನ್ನು ಊಟದ ಮಾತು. ಯಾರ ಮನೆಯಲ್ಲೂ ಊಟ ಕಡಿಮೆ ಎಂದು ನಾವು ಬರೆದಿಲ್ಲ. ಮೊಣಕೈ, ಮೊಣಕಾಲಿನ ಮೇಲೆ ಕೈಯಾಡಿಸಿದರೆ ಮುಳ್ಳು ತಗಲಿದ ಹಾಗೆ ಒರಟು ಗುಳ್ಳೆ. ಖಾರ ತಾಗಿದರೆ ಉರಿಯುವ ಒಡೆದ ಕಟವಾಯಿ. ಚೀಟಿಯಲ್ಲಿ ಇರುವುದು ಇಷ್ಟೇ. ಎ ಜೀವಸತ್ವ, ಎಣ್ಣೆಯಂಶ ಸಾಲದಾದಾಗ ಆ ಗುಳ್ಳೆ ಏಳಬಹುದು. ಬಿ ಜೀವಸತ್ವ ಇಲ್ಲವೇ ಕಬ್ಬಿಣದಂಶ ಕಡಿಮೆಯಾದರೆ ಕಟವಾಯಿ ಒಡೆಯಬಹುದು. ಹೊಟ್ಟೆ ತುಂಬ ಉಣ್ಣುವ ಮಗುವಿಗೂ ಬರುತ್ತದೆ. ಎಮ್ಮೆ ಕಟ್ಟಿದ ಮನೆಗೂ ಚೀಟಿ ಹೋಗಿದೆ. ಹಾಲು ಡೇರಿಗೆ, ಮಗುವಿಗೆ ಚಹಾ-ಬಿಸ್ಕತ್ತು. ಹೀಗೇ ನಡೀತಿದೆ, ಅಲ್ವಾ?

‘ರೊಟ್ಟಿ ತಿಂದೇ ನಾವು ಗಟ್ಟಿ ಇದ್ದೀವಿ’ ಎಂದು ಅಜ್ಜ ಒಬ್ಬರು ಆಫೀಸಿಗೇ ಬಂದು ಹೇಳಿದರು. ಖರೆ. ಆದರೆ ಅವರ ರೊಟ್ಟಿ ಜೊತೆ ಮಡಕಿ ಕಾಳು, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಇರುತ್ತಿತ್ತು. ಈಗ ಮಕ್ಕಳನ್ನು ಕೇಳಿದರೆ ‘ರೊಟ್ಟಿ, ಖಾರ ರೀ’ ಎನ್ನುತ್ತಾರೆ. ಬರೀ ಜೋಳದ ಮೇಲೆ ಬದುಕಿದವರಿಗೆ ಪೆಲ್ಲಾಗ್ರ ಎಂಬ ಚರ್ಮರೋಗ ಬರುವುದನ್ನು ಹೈದರಾಬಾದಿನ ಸಂಶೋಧಕರು 1960ರ ಸುಮಾರಿಗೇ ಗುರುತಿಸಿದ್ದರು. ನಮ್ಮ ಮಕ್ಕಳಿಗೆ ಅದು ಬಂದಿಲ್ಲ, ಗಾಬರಿ ಬೇಡ. ರೊಟ್ಟಿ ಬಿಡಿ ಎಂದೂ ಹೇಳುತ್ತಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ತಾಯಂದಿರ ಮೇಲೆ ಗೂಬೆ ಕೂರಿಸುವ ಚೀಟಿ ಇದಲ್ಲ.

ಶಾಲೆ ಏನು ಮಾಡುತ್ತಿದೆ ಎಂದೂ ಕೇಳಿದ್ದೀರಿ. ಹಾಲು, ಬಿಸಿಯೂಟ ಇದೆ. ವಿಜಯಪುರ ಜಿಲ್ಲೆಯಲ್ಲಿ 2021ರ ಡಿಸೆಂಬರಿನಿಂದಲೇ ಮೊಟ್ಟೆ ಕೊಡುತ್ತಿದ್ದಾರೆ, ತಿನ್ನದವರಿಗೆ ಬಾಳೆಹಣ್ಣು. ಆದರೆ ಸಾಂಬಾರಿನ ಕಾಯಿಪಲ್ಯ ಆರಿಸಿ ತಾಟಿನ ಅಂಚಿಗಿಡುವ ಮಕ್ಕಳೂ ಇದ್ದಾರೆ. ಟೀಚರ್ ಪಕ್ಕದಲ್ಲಿ ಕೂತು ತಿನ್ನಿಸುತ್ತಾರೆ. ಒಂದೇ ಹೊತ್ತಿನ ಊಟದಲ್ಲಿ ಎಲ್ಲ ಸರಿಹೋಗುವುದಿಲ್ಲ.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ಮುಲಾಮು ಹಚ್ಚುತ್ತಾ ಕೂತರೆ ಸುಮ್ನೆ ರೊಕ್ಕ ದಂಡ. ಎ ಜೀವಸತ್ವದ ಔಷಧಿಯನ್ನು ನೀವಾಗಿಯೇ ಕುಡಿಸಬೇಡಿ, ಜಾಸ್ತಿಯಾದರೆ ಅದೂ ತೊಂದರೆಯೇ. ಚೀಟಿ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ.

ರಾತ್ರಿ ರೊಟ್ಟಿ ಜೊತೆ ಒಂದು ಹಿಡಿ ಕಾಳು, ಎಣ್ಣೆ ಒಗ್ಗರಣೆ ಹಾಕಿದ ತಪ್ಪಲ ಪಲ್ಯ ಇರಲಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯರು