ಬಾಟಲಿ ಕೊಡುವ ಮೊದಲು ಕಾರ್ಡ್ ಕೇಳುತ್ತೇವೆ

ನಮ್ಮ ಎಲ್ಲ ಗ್ರಾಹಕರಿಗೆ ಕೊಡಗಿನ ಗೋಣಿಕೊಪ್ಪದ ಅಂಗಡಿಯಿಂದ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಸೂಪರ್ ಮಾರ್ಕೆಟ್ಟಿನ ಲಿಕ್ಕರ್ ಕೌಂಟರಿನಲ್ಲಿ, ನೋಡಲು 30ರ ಒಳಗಿನವರ ಹಾಗೆ ಕಾಣುವ ಎಲ್ಲರ ಹತ್ತಿರವೂ ಹುಟ್ಟಿದ ದಿನಾಂಕ ಇರುವ ಗುರುತಿನ ಚೀಟಿ ಕೇಳುತ್ತೇವೆ. 21 ತುಂಬಿಲ್ಲದಿದ್ದರೆ ಬಿಯರ್, ವೈನ್, ರಮ್ ಯಾವುದನ್ನೂ ಕೊಡುವುದಿಲ್ಲ. ಕಾರ್ಡ್ ತಂದಿಲ್ಲ ಎಂದರೂ ಕೊಡುವುದಿಲ್ಲ. ಗೊತ್ತಿರುವವರಿಗೂ ಇದೇ ನಿಯಮ.

ಜಗಳ ಆಗುತ್ತಿರುವುದೇ ಆ ಕೊನೆಯ ಮಾತಿಗೆ. ಎರಡು ವಾರದಿಂದ ಸಂಜೆ ಹೊತ್ತು ಮಾತ್ರ ಪ್ರಯೋಗ ಮಾಡಿ ನೋಡಿದೆವು. "ನನ್ನನ್ನು ಗೊತ್ತಿಲ್ವಾ ನಿಮಗೆ? ನಮ್ಮಪ್ಪ ಇಲ್ಲೇ ಅಲ್ವಾ ತಿಂಗಳ ಸಾಮಾನು ತಗೊಳ್ಳೋದು?" ಎಂದು ಕೇಳಿದವರೇ ಜಾಸ್ತಿ. ಇಬ್ಬರು ಬಾಟಲಿ ಅಲ್ಲೇ ಬಿಟ್ಟು ಹೋದರು. ಒಬ್ಬರು ತರಕಾರಿಯನ್ನೂ ಬಿಟ್ಟು ಹೋದರು.

ಗೊತ್ತಿದೆ, ಖಂಡಿತ ಗೊತ್ತಿದೆ. ಮುಖ ನೋಡಿದರೆ ಯಾವ ಮನೆಯವರು ಎಂದು ನಮ್ಮ ಊರಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಮನೆ ಹೆಸರು ಗೊತ್ತು, ತೋಟ ಯಾವ ಕಡೆ ಗೊತ್ತು, ಈ ಸಲ ಕರಿಮೆಣಸು ಎಷ್ಟು ಬಂತು ಎನ್ನುವುದೂ ಗೊತ್ತು. ಆದರೆ ಮನೆಯಲ್ಲಿ ಯಾರಿಗೆ ಎಷ್ಟು ವಯಸ್ಸು ಎಂದು ನಾವು ಯಾವತ್ತೂ ಲೆಕ್ಕ ಇಟ್ಟವರಲ್ಲ. ಇದು ನಮ್ಮ ತಲೆಗೆ ಹೋಗಿದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮುಚ್ಚಿಡುವುದಿಲ್ಲ.

ಹೋದ ಮಳೆಗಾಲದ ಒಂದು ಶನಿವಾರ. ಕರೆಂಟ್ ಇರಲಿಲ್ಲ, ಇನ್ವರ್ಟರಿನಲ್ಲಿ ಒಂದೇ ಲೈಟ್ ಉರಿಯುತ್ತಿತ್ತು. ರೇನ್‌ಕೋಟ್ ಹಾಕಿಕೊಂಡ ಹುಡುಗನೊಬ್ಬ ಬಂದು ನಾಲ್ಕು ಸ್ಟ್ರಾಂಗ್ ಬಿಯರ್ ಕೇಳಿದ. ಕೌಂಟರಿನಲ್ಲಿ ನಾನೇ ಇದ್ದೆ. ಗುರುತಿನ ಮನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ದೊಡ್ಡ ಮಗ ಎಂದುಕೊಂಡೆ. "ಯಾವಾಗ ಬಂದಿದ್ದು, ರಜೆಯಾ?" ಎಂದು ಕೇಳಿದ್ದೂ ನೆನಪಿದೆ. "ಹೂಂ ಅಂಕಲ್" ಅಂದ. ಚಿಲ್ಲರೆ ಎಣಿಸಿ ಕೊಟ್ಟೆ.

ಮಾರನೇ ದಿನ ಬೆಳಿಗ್ಗೆ ಅವನ ಅಮ್ಮ ಬಂದರು. ಛತ್ರಿ ಬಾಗಿಲಲ್ಲಿ ಇಟ್ಟು, ಬ್ಯಾಗಿನಿಂದ ನಾಲ್ಕು ಖಾಲಿ ಬಾಟಲಿ ಒಂದೊಂದಾಗಿ ತೆಗೆದು ನನ್ನ ಮುಂದೆ ಸಾಲಾಗಿ ನಿಲ್ಲಿಸಿದರು. ಒಂದಕ್ಕೆ ನಮ್ಮ ಬಿಲ್ ಒದ್ದೆಯಾಗಿ ಅಂಟಿಕೊಂಡಿತ್ತು. "ದೊಡ್ಡವನು ಬೆಂಗಳೂರಲ್ಲೇ ಇದ್ದಾನೆ ಅಣ್ಣ. ಇವನು ಚಿಕ್ಕವನು. ಹತ್ತೊಂಬತ್ತು." ಇಷ್ಟೇ ಅಂದಿದ್ದು. ಆಮೇಲೆ ಅರ್ಧ ಕೆಜಿ ತೊಗರಿಬೇಳೆ ತೆಗೆದುಕೊಂಡು, ದುಡ್ಡು ಕೊಟ್ಟು ಹೋದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಹುಡುಗನಿಗೆ ಏನೂ ಆಗಲಿಲ್ಲ. ಬೈಕ್ ಓಡಿಸಿಕೊಂಡು ಮನೆಗೆ ಹೋಗಿ ಮಲಗಿದ್ದನಂತೆ. ಆ ರಸ್ತೆಯ ತಿರುವುಗಳನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ.

ಕಾನೂನಿನ ಮಾತಿಗೆ ಬರೋಣ. "21 ಯಾಕೆ? 18 ಅಲ್ವಾ?" ಎಂದು ದಿನಕ್ಕೆ ಒಬ್ಬರಾದರೂ ಕೇಳುತ್ತಾರೆ. ಗೊಂದಲಕ್ಕೆ ಕಾರಣ ಇದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ 18 ಎಂಬ ಅಂಕಿ ಇದೆ. ಆದರೆ ನಮ್ಮಂಥ ಸನ್ನದುದಾರರಿಗೆ ಷರತ್ತು ಹಾಕುವ 1967ರ ನಿಯಮಗಳಲ್ಲಿ 21 ಎಂದಿದೆ. ಅಂಗಡಿ ನಡೆಸುವವರು ಆ ನಿಯಮದಂತೆಯೇ ನಡೆಯಬೇಕು. 2023ರ ಜನವರಿಯಲ್ಲಿ ಸರ್ಕಾರ ಈ 21ನ್ನು 18 ಮಾಡುವ ಕರಡು ಹೊರಡಿಸಿತ್ತು. ವಿರೋಧ ಬಂತು, ಕೈಬಿಟ್ಟರು. ಹೊರಡಿಸಿದ ಸುದ್ದಿ ವಾಟ್ಸಾಪಿನಲ್ಲಿ ಎಲ್ಲರಿಗೂ ತಲುಪಿತು, ಕೈಬಿಟ್ಟ ಸುದ್ದಿ ಯಾರಿಗೂ ತಲುಪಿದ ಹಾಗಿಲ್ಲ.

ಪಕ್ಕದ ಕೇರಳದಲ್ಲಿ 23, ಗೋವಾದಲ್ಲಿ 18. ಹಾಗಾಗಿ ಮಾಕುಟ್ಟ ದಾಟಿ ಕಣ್ಣೂರು ಕಡೆಯಿಂದ ಬರುವ ಹುಡುಗರಿಗೆ ನಮ್ಮ ಬೋರ್ಡ್ ನೋಡಿದರೆ ಖುಷಿ, ಗೋವಾ ಸುತ್ತಿಕೊಂಡು ಬಂದವರಿಗೆ ಸಿಟ್ಟು. ನೀವು ಯಾವ ಊರಿನವರೇ ಆಗಿರಿ, ಇಲ್ಲಿ ಕೊಂಡರೆ ಇಲ್ಲಿನ ಲೆಕ್ಕ. ಅಂದ ಹಾಗೆ, ನಮ್ಮ ರಾಜ್ಯದಲ್ಲಿ ಸಿಗರೇಟಿಗೂ ಈಗ 21. ಅದಕ್ಕೂ ಕಾರ್ಡ್ ಕೇಳುತ್ತೇವೆ.

21ಕ್ಕೆ ನಿಯಮ ಇದ್ದರೆ 30ರವರನ್ನು ಯಾಕೆ ಕೇಳುವುದು ಅನ್ನುತ್ತೀರಾ? ನಮಗೆ ವಯಸ್ಸು ಅಂದಾಜು ಮಾಡಲು ಬರುವುದಿಲ್ಲ, ಅದಕ್ಕೆ. ಹದಿನೆಂಟಕ್ಕೇ ಗಡ್ಡ ಬಿಟ್ಟು ಆರಡಿ ಬೆಳೆದ ಹಾಕಿ ಆಟಗಾರರು ನಮ್ಮಲ್ಲಿ ಕಡಿಮೆಯಾ? ಅಂಚಿನಲ್ಲಿ ನಿಂತು ಊಹೆ ಮಾಡುವುದಕ್ಕಿಂತ ಸ್ವಲ್ಪ ದೂರದಿಂದಲೇ ಕೇಳುತ್ತಾ ಬಂದರೆ ತಪ್ಪು ಕಡಿಮೆ. ಇದು ನಾವು ಕಂಡುಹಿಡಿದದ್ದಲ್ಲ. ನಮ್ಮ ಗ್ರಾಹಕರೊಬ್ಬರ ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಳೆ. ಅಲ್ಲಿ ಕಾನೂನಿನ ವಯಸ್ಸು 18. ಆದರೂ ಸೂಪರ್ ಮಾರ್ಕೆಟ್ಟುಗಳಲ್ಲಿ 25ರ ಒಳಗಿನವರ ಹಾಗೆ ಕಂಡರೆ ಕಾರ್ಡ್ ಕೇಳುತ್ತಾರೆ. 'ಚಾಲೆಂಜ್ 25' ಎಂದು ಬೋರ್ಡೇ ಹಾಕಿರುತ್ತಾರೆ. ಗ್ರಾಹಕರೇ ಬಿಲ್ ಮಾಡಿಕೊಳ್ಳುವ ಮೆಷಿನ್ನಿಗೆ ವೈನ್ ಬಾಟಲಿ ತೋರಿಸಿದರೆ ಮೆಷಿನ್ ನಿಂತುಬಿಡುತ್ತದಂತೆ. ಕೆಲಸದವರು ಬಂದು ಮುಖ ನೋಡಿ ಸರಿ ಅಂದ ಮೇಲೆಯೇ ಮುಂದೆ ಹೋಗುವುದು. ಅವಳಿಗೆ 26, ತಿಂಗಳಲ್ಲಿ ಮೂರು ಸಲ ಕೇಳಿದ್ದಾರೆ. "ಊರಲ್ಲಿ ಹೈಸ್ಕೂಲಿನಲ್ಲಿ ಇರುವಾಗಲೇ ಅಜ್ಜ ಬರೆದುಕೊಟ್ಟ ಚೀಟಿ ಹಿಡಿದುಕೊಂಡು ಬರ್ತಿದ್ದೆ, ನೀವು ಮಾತಾಡದೆ ಕೊಡ್ತಿದ್ರಿ" ಎಂದು ನಕ್ಕಳು. ನಾನೂ ನಕ್ಕೆ, ಆದರೆ ನಗುವ ವಿಷಯ ಆಗಿರಲಿಲ್ಲ.

ಆ ಚೀಟಿಯ ವಿಷಯವನ್ನೇ ಈಗ ಹೇಳಬೇಕು. ಮಕ್ಕಳ ಕೈಯಲ್ಲಿ ಚೀಟಿ ಕಳಿಸಿ ಬಾಟಲಿ ತರಿಸುವುದು ಇನ್ನು ಮುಂದೆ ನಮ್ಮಲ್ಲಿ ಇಲ್ಲ. ಫೋನ್ ಮಾಡಿ "ಮಗನನ್ನು ಕಳಿಸ್ತಿದ್ದೀನಿ, ಕೊಟ್ಟುಬಿಡಿ" ಅಂದರೂ ಇಲ್ಲ. ಕೈಲ್‌ಪೊಳ್ದ್ ಹಬ್ಬ ಬಂದಾಗ, ಪುತ್ತರಿ ಹಬ್ಬ ಬಂದಾಗ, ಗುರುಕಾರೋಣರಿಗೆ (ತೀರಿಹೋದ ಹಿರಿಯರಿಗೆ) ಮೀದಿ, ಅಂದರೆ ಎಡೆ, ಇಡುವಾಗ ಮನೆಯಲ್ಲಿ ಬಾಟಲಿ ಬೇಕಾಗುತ್ತದೆ, ದೊಡ್ಡವರೆಲ್ಲ ಕೆಲಸದಲ್ಲಿ ಇರುತ್ತಾರೆ, ಕೈಗೆ ಸಿಗುವುದು ಮಕ್ಕಳೇ. ಕೊಡಗಿನಲ್ಲಿ ಕುಡಿತವನ್ನು ಯಾರೂ ಕದ್ದುಮುಚ್ಚಿ ಇಟ್ಟಿಲ್ಲ, ಮದುವೆ ಮನೆಯಲ್ಲಿ ಮೂರು ತಲೆಮಾರು ಒಟ್ಟಿಗೆ ಕೂರುತ್ತದೆ. ಅದರ ಬಗ್ಗೆ ನಮ್ಮ ತಕರಾರು ಏನೂ ಇಲ್ಲ. ನಮ್ಮ ಮನೆಯಲ್ಲೂ ಹಾಗೇ. ಆದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 77 ಮತ್ತು 78ನೇ ಸೆಕ್ಷನ್ ಇವೆ. 18 ತುಂಬದ ಮಕ್ಕಳಿಗೆ ಮದ್ಯ ಕೊಟ್ಟರೂ, ಅದನ್ನು ಸಾಗಿಸಲು ಅವರನ್ನು ಬಳಸಿದರೂ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನಮ್ಮ ಸನ್ನದು ಹೋಗುವುದು ಆಮೇಲಿನ ಮಾತು. ಹಬ್ಬದ ಹಿಂದಿನ ದಿನವೇ ದೊಡ್ಡವರು ಯಾರಾದರೂ ಬಂದು ತೆಗೆದುಕೊಂಡು ಹೋಗಿ. ಆ ಎರಡು ಹಬ್ಬದ ಹಿಂದಿನ ದಿನ ಕೌಂಟರಿನಲ್ಲಿ ಒಬ್ಬರು ಹೆಚ್ಚಿಗೆ ಇರುತ್ತಾರೆ.

ತೋಟಗಳಿಗೆ ಸಾಮಾನು ತಲುಪಿಸುವ ನಮ್ಮ ಜೀಪಿನಲ್ಲೂ ಬಾಟಲಿ ಹಾಕುವುದಿಲ್ಲ. "ಅಕ್ಕಿ ಮೂಟೆ ಪಕ್ಕ ಒಂದು ರಮ್ ಇಟ್ಟುಬಿಡಿ" ಎಂದು ಕೇಳುವವರಿದ್ದೀರಿ, ಡ್ರೈವರ್ ಮುಲಾಜಿಗೆ ಬಿದ್ದು ಇಟ್ಟದ್ದೂ ಉಂಟು. ಇನ್ನು ಇಲ್ಲ. ದಯವಿಟ್ಟು ಅವನನ್ನು ಒತ್ತಾಯ ಮಾಡಬೇಡಿ.

ಯಾವ ಕಾರ್ಡ್ ನಡೆಯುತ್ತದೆ? ಆಧಾರ್, ಡ್ರೈವಿಂಗ್ ಲೈಸೆನ್ಸ್, ಪಾನ್, ಪಾಸ್‌ಪೋರ್ಟ್. ಫೋಟೋ ಮತ್ತು ಹುಟ್ಟಿದ ದಿನಾಂಕ ಎರಡೂ ಇರಬೇಕು, ಅಷ್ಟೇ. ಆಧಾರ್ ನಂಬರ್ ತೋರಿಸಲು ಇಷ್ಟ ಇಲ್ಲದಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ತನ್ನಿ, ಸಾಕು. ಕೆಲವರ ಹಳೆಯ ಆಧಾರಿನಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ. ವರ್ಷ ನೋಡಿದರೇ 21 ದಾಟಿದ್ದು ಗೊತ್ತಾದರೆ ಸರಿ. ಅಂಚಿನಲ್ಲಿದ್ದರೆ ಬೇರೆ ಕಾರ್ಡ್ ಕೇಳುತ್ತೇವೆ. ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಆಗುವುದಿಲ್ಲ, ಅದು 18ಕ್ಕೇ ಸಿಗುತ್ತದೆ. ಅದರ ಮೇಲಿನ ದಿನಾಂಕ ನೋಡುತ್ತೇವೆ. ಕಾಲೇಜಿನ ಐಡಿ ನಡೆಯುವುದಿಲ್ಲ.

ಮೊಬೈಲಿನಲ್ಲಿ ತೋರಿಸುವುದಾದರೆ ಡಿಜಿಲಾಕರ್ ಆ್ಯಪ್ ತೆರೆದು ತೋರಿಸಿ. ಗ್ಯಾಲರಿಯಲ್ಲಿರುವ ಫೋಟೋ ಬೇಡ. ಫೋಟೋದಲ್ಲಿ 2007 ಎಂಬುದನ್ನು 2001 ಮಾಡಲು ಎರಡು ನಿಮಿಷ ಸಾಕು ಎಂದು ನಮಗೆ ಕಲಿಸಿಕೊಟ್ಟವನು ನಮ್ಮದೇ ಕ್ಯಾಷಿಯರ್. ನೆಟ್‌ವರ್ಕ್ ಇಲ್ಲದಿದ್ದರೆ ಅಂಗಡಿಯ ವೈಫೈ ಕೊಡುತ್ತೇವೆ. ಆದರೆ ಜೂನ್‌ನಿಂದ ಆಗಸ್ಟ್ ತನಕ ನಮ್ಮ ಕರೆಂಟಿನ ಕಥೆ ನಿಮಗೆ ಹೇಳಬೇಕಾಗಿಲ್ಲ. ಕಾರ್ಡನ್ನೇ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇನ್‌ಕೋಟ್ ಜೇಬಿನಲ್ಲಿ ಇಟ್ಟುಕೊಳ್ಳುವುದು ವಾಸಿ.

ಕಾರ್ಡಿನ ಜೆರಾಕ್ಸ್ ತೆಗೆಯುವುದಿಲ್ಲ, ನಂಬರ್ ಬರೆದುಕೊಳ್ಳುವುದಿಲ್ಲ, ಫೋಟೋ ಹೊಡೆಯುವುದಿಲ್ಲ. ನೋಡಿ ವಾಪಸ್ ಕೊಡುತ್ತೇವೆ. ಹಾಗಾಗಿ ಬೇರೆ ದಿನ ಕೌಂಟರಿನಲ್ಲಿ ಬೇರೆ ಹುಡುಗ ಇದ್ದರೆ ಮತ್ತೆ ಕೇಳಬಹುದು. ಸ್ವಲ್ಪ ಸಹಿಸಿಕೊಳ್ಳಿ. ಮೀಸೆ ನೆರೆತವರನ್ನು ಕೇಳುವುದಿಲ್ಲ, ಗಾಬರಿ ಬೇಡ. ಆದರೂ ಮೊನ್ನೆ ನಿವೃತ್ತ ಸುಬೇದಾರರೊಬ್ಬರು ಸಾಲಿನಲ್ಲಿ ನಿಂತು, ಕೇಳುವ ಮೊದಲೇ ಕಾರ್ಡ್ ಮೇಜಿನ ಮೇಲೆ ಇಟ್ಟರು. "ನನ್ನದೂ ನೋಡಪ್ಪ" ಅಂದರು. ಹಿಂದೆ ಗೊಣಗುತ್ತಿದ್ದ ನಾಲ್ಕು ಜನ ಜೇಬಿಗೆ ಕೈ ಹಾಕಿದರು.

ವೈನ್ ಬಗ್ಗೆ ಬೇರೆಯೇ ಹೇಳಬೇಕು. ಪ್ರವಾಸಿಗಳು ಜೇನು, ಏಲಕ್ಕಿ, ಕಾಫಿ ಪುಡಿ ಜೊತೆಗೆ ಕೂರ್ಗ್ ವೈನ್ ಎಂದು ಕೇಳಿಕೊಂಡು ಬರುತ್ತಾರೆ. "ಹಣ್ಣಿನ ರಸ ತಾನೇ, ಮಕ್ಕಳೂ ಕುಡೀಬಹುದು ಅಲ್ವಾ?" ಎಂದು ಕೇಳಿದ ತಾಯಂದಿರೂ ಇದ್ದಾರೆ. ಅಲ್ಲ. ಮಾಮೂಲಿ ಬಿಯರಿನಲ್ಲಿ ಆಲ್ಕೋಹಾಲ್ ಶೇ 5ರ ಸುತ್ತ, ಸ್ಟ್ರಾಂಗ್ ಬಿಯರಿನಲ್ಲಿ ಶೇ 8ರ ತನಕ. ವೈನಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ, ಶೇ 11–13. ಸಿಹಿ ಇದ್ದರೆ ಗೊತ್ತಾಗುವುದಿಲ್ಲ ಅಷ್ಟೇ. ಮನೆಯಲ್ಲಿ ಮಾಡಿದ ನೆಲ್ಲಿಕಾಯಿ ವೈನನ್ನು ಸನ್ನದು ಇಲ್ಲದೆ ಮಾರುವಂತಿಲ್ಲ, ಹಾಗಾಗಿ ನಾವು ಅದನ್ನು ಇಡುವುದೇ ಇಲ್ಲ. ಎಷ್ಟು ರುಚಿಯಾಗಿದ್ದರೂ ಸರಿ, ತಂದುಕೊಟ್ಟು ಬೇಸರ ಮಾಡಿಕೊಳ್ಳಬೇಡಿ. ಲೇಬಲ್ ಇರುವ ಕಂಪನಿ ವೈನ್ ಮಾತ್ರ ಇದೆ, ಅದಕ್ಕೂ ಕಾರ್ಡ್ ಬೇಕು.

ಹೋಂಸ್ಟೇ ನಡೆಸುವವರಿಗೆ ಒಂದು ವಿನಂತಿ. ಅತಿಥಿಗಳಿಗೆ ಬಾಟಲಿ ತರಲು ನಿಮ್ಮಲ್ಲಿ ಕೆಲಸಕ್ಕಿರುವ ಚಿಕ್ಕ ಹುಡುಗರನ್ನು ಕಳಿಸಬೇಡಿ, ಬರಿಗೈಯಲ್ಲಿ ವಾಪಸ್ ಬರುತ್ತಾರೆ. ಇನ್ನು ಒಂದು ಗುಂಪು ಬಂದು ಐದು ಜನ ಕೌಂಟರಿನ ಮುಂದೆಯೇ ದುಡ್ಡು ಕೂಡಿಸಿ, ಒಬ್ಬನ ಕಾರ್ಡ್ ಮುಂದೆ ಮಾಡಿದರೆ, ಐದೂ ಜನರ ಕಾರ್ಡ್ ಕೇಳುತ್ತೇವೆ. ಹೊರಗೆ ಗಾಡಿಯಲ್ಲಿ ಕೂತವರನ್ನು ಹೋಗಿ ಹುಡುಕಲು ನಮ್ಮಿಂದ ಆಗುವುದಿಲ್ಲ, ಅದು ನಮಗೂ ಗೊತ್ತು.

ವ್ಯಾಪಾರ ಸ್ವಲ್ಪ ಇಳಿಯುತ್ತದೆ. ಎರಡು ವಾರದಲ್ಲೇ ಶನಿವಾರದ ಗಲ್ಲಾ ಹಗುರ ಆಗಿದೆ. ಕೇಳದೆ ಕೊಡುವ ಕಡೆ ಹುಡುಗರು ಹೋಗುತ್ತಾರೆ ಎಂದು ಪಾಲುದಾರರಲ್ಲಿ ಒಬ್ಬರು ಇವತ್ತೂ ಮುಖ ಗಂಟು ಹಾಕಿಕೊಂಡೇ ಇದ್ದಾರೆ. ಅವರ ಮಾತು ಸುಳ್ಳಲ್ಲ. ಆದರೂ ಕೌಂಟರಿನಲ್ಲಿ ನಿಲ್ಲುವವನು ನಾನು. ಆ ನಾಲ್ಕು ಬಾಟಲಿಗಳನ್ನು ನೋಡಿದವನೂ ನಾನೇ.

ಕಾರ್ಡ್ ಕೇಳುವ ಹುಡುಗನ ಮೇಲೆ ಕೂಗಾಡಬೇಡಿ. ಅವನಿಗೇ 22, ಬೈಸಿಕೊಂಡರೆ ರಾತ್ರಿ ಊಟ ಬಿಡುವ ಸ್ವಭಾವ. ಸಿಟ್ಟು ಬಂದರೆ ಒಳಗೆ ನಾನು ಇರುತ್ತೇನೆ, ನನಗೇ ಹೇಳಿ.

ಇಂತಿ ನಿಮ್ಮ,
ಲಿಕ್ಕರ್ ಕೌಂಟರ್ ನೋಡಿಕೊಳ್ಳುವ ಪಾಲುದಾರ

ಮರೆತ ಮಾತು: ಕಾರ್ಡ್ ತೋರಿಸಿದ ಮೇಲೆ ವಾಪಸ್ ಜೇಬಿಗೆ ಹಾಕಿಕೊಳ್ಳಿ. ಎರಡು ವಾರದ ಪ್ರಯೋಗದಲ್ಲೇ ಮೂರು ಡ್ರೈವಿಂಗ್ ಲೈಸೆನ್ಸ್, ಒಂದು ಪಾನ್ ಕಾರ್ಡ್ ಮತ್ತು ಒಂದು ಹೆಂಗಸರ ಛತ್ರಿ ನಮ್ಮ ಡ್ರಾಯರಿಗೆ ಬಂದು ಸೇರಿವೆ. ನಿಮ್ಮದಾದರೆ ಬೆಳಿಗ್ಗೆ 10ರ ಮೇಲೆ ಬಂದು ತೆಗೆದುಕೊಂಡು ಹೋಗಿ. ಛತ್ರಿಗೆ ಕಾರ್ಡ್ ಕೇಳುವುದಿಲ್ಲ, ಬಣ್ಣ ಹೇಳಿದರೆ ಸಾಕು.