ವಿಷಯ: ಬಲಗೈ ಬದಲು ಎಡಗೈ ತಲುಪಿಸಿದ ಬಗ್ಗೆ ದೂರು

ವ್ಯವಸ್ಥಾಪಕರಿಗೆ,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಸಹಾಯವಾಣಿಯ ಸಂಗೀತ ನನಗೆ ಬಾಯಿಪಾಠವಾಗಿದೆ. ಇನ್ನು ಕಾಗದದಲ್ಲೇ ಮಾತಾಡೋಣ.

ಚಿಕ್ಕಪೇಟೆಯಲ್ಲಿ ಬಾಗಿಲು ಹಾಕುತ್ತಿದ್ದ ಸೀರೆ ಅಂಗಡಿಯಿಂದ ಮೂರು ಹಳೆಯ ಫೈಬರ್ ಬೊಂಬೆಗಳನ್ನು ಕೊಂಡು, ದಾವಣಗೆರೆಯ ನನ್ನ ರವಿಕೆ ಅಂಗಡಿಗೆ ಕಳಿಸಲು ನಿಮ್ಮಲ್ಲಿ ಬುಕ್ ಮಾಡಿದ್ದೆ. ಕೈಕಾಲು ಬಿಚ್ಚಿ, ಒಂದೊಂದಕ್ಕೂ ಚೀಟಿ ಕಟ್ಟಿ ಕೊಟ್ಟಿದ್ದೆ. ಬಂದದ್ದು ಐದು ಎಡಗೈ, ಒಂದು ಬಲಗೈ. ಒಂದು ಬೊಂಬೆಯನ್ನಂತೂ ನಿಮ್ಮ ಹುಡುಗರು ಯಾವ ಉತ್ಸಾಹದಲ್ಲೋ ಜೋಡಿಸಿ, ಬೆಳಗಿನ ಜಾವ ಪಕ್ಕದ ಬೀದಿಯ ನಿವೃತ್ತ ಮೇಷ್ಟರ ಗೇಟಿಗೆ ಒರಗಿಸಿ ಹೋಗಿದ್ದರು. ಹಾಲು ತರಲು ಹೊರಟ ಅವರು ಮುಖ ತಿರುಗಿಸಿಕೊಂಡೇ "ಯಾರಮ್ಮಾ ನೀನು, ಏನಾಯಿತು?" ಎಂದು ಕೇಳಿ, ಒಳಗಿನಿಂದ ದುಪ್ಪಟಿ ತಂದು ಹೊದಿಸಿದ್ದಾರೆ. ಆ ಮರ್ಯಾದೆಯ ಕಾಲುಭಾಗ ನಿಮ್ಮ ಕೌಂಟರಿನಲ್ಲಿ ನನಗೆ ಸಿಕ್ಕಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಆ ಕೌಂಟರಿನಲ್ಲಿ ನಡೆದದ್ದು ಹೀಗೆ. ಗುಮಾಸ್ತರು ಕಂಪ್ಯೂಟರ್ ನೋಡಿ, "ತೂಕ ಸರಿಯಾಗಿದೆಯಲ್ಲ" ಎಂದರು. ಎಡಗೈ ತೂಕವೂ ಬಲಗೈ ತೂಕವೂ ಒಂದೇ, ಹಾಗಾಗಿ ಸರಿಯಾಗಿಯೇ ಇರುತ್ತದೆ ಎಂದೆ. "ಮತ್ತೇನು ತೊಂದರೆ? ಎಣಿಕೆಯೂ ಆರೇ ಇದೆ." ಭುಜದ ಕೀಲು ಕೂರುವುದಿಲ್ಲ ಎಂದೆ. "ತಿರುಗಿಸಿ ಹಾಕಿ." ತಿರುಗಿಸಿದರೆ ಅಂಗೈ ಹಿಂದಕ್ಕೆ ಹೋಗುತ್ತದೆ ಎಂದೆ. "ಹೇಗೆ ಹೋಗುತ್ತದೆ, ತೋರಿಸಿ." ನನ್ನದೇ ತೋಳನ್ನು ಬೆನ್ನಿನ ಕಡೆ ತಿರುಚಿ ತೋರಿಸಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುಮಾಸ್ತರು ಫೋನೆತ್ತಿ, ಇಡೀ ಗೋದಾಮಿಗೆ ಕೇಳುವಂತೆ, "ಸಾರ್, ಇಲ್ಲೊಬ್ಬರು ಮೇಡಂಗೆ ಎರಡು ಬಲಗೈ ಬೇಕಂತೆ" ಎಂದರು. ಆ ಕಡೆಯ ಉತ್ತರ ಕೇಳಿಕೊಂಡು ನನಗೆ ಹೇಳಿದ್ದು: "ಹಳೆಯ ಸಾಮಾನಿಗೆ ಪರಿಹಾರ ಇಲ್ಲ."

ರಸ್ತೆ ಸಾಗಣೆ ಕಾಯ್ದೆ, 2007 ನಿಮ್ಮ ಕಸುಬಿನ ಕಾನೂನು, ನಾನು ಹೇಳಿಕೊಡಬೇಕಿಲ್ಲ. ಸಾಗಣೆದಾರರ ಹೊಣೆ ತಪ್ಪುವ ಕಾರಣಗಳನ್ನು ಅದರ 17ನೇ ಸೆಕ್ಷನ್ ಹೇಳುತ್ತದೆ: ದೈವಿಕ ಆಪತ್ತು, ಯುದ್ಧ, ಗಲಭೆ ಇತ್ಯಾದಿ. ಹಳೆಯ ಬೊಂಬೆ ಆ ಪಟ್ಟಿಯಲ್ಲಿ ಇಲ್ಲ. ತುಮಕೂರು, ಚಿತ್ರದುರ್ಗದ ದಾರಿಯಲ್ಲಿ ಆ ವಾರ ಯುದ್ಧವಾದ ಸುದ್ದಿ ನಾನಂತೂ ಓದಲಿಲ್ಲ. 16ನೇ ಸೆಕ್ಷನ್ ಪ್ರಕಾರ ದಾವೆಗೆ ಮೊದಲು, ಬುಕ್ ಮಾಡಿದ 180 ದಿನಗಳೊಳಗೆ ಕೊಡಬೇಕಾದ ಲಿಖಿತ ನೋಟಿಸ್ ಇದೇ ಎಂದು ತಿಳಿಯಿರಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ.

ನನ್ನ ಬಲಗೈಗಳು ಯಾರ ಪಾರ್ಸೆಲಿನಲ್ಲಿವೆಯೋ ಹುಡುಕಿಸಿ. ಹುಡುಕದಿದ್ದರೂ ಅಡ್ಡಿಯಿಲ್ಲ. ಈ ದಸರೆಗೆ ಅಂಗಡಿಯ ಗಾಜಿನೊಳಗೆ ಬೊಂಬೆ ಕೂರಿಸುತ್ತೇನೆ. ಪಟ್ಟದ ಗೊಂಬೆಯ ಜಾಗದಲ್ಲಿ ಎರಡೂ ಎಡಗೈಯವಳನ್ನೇ ನಿಲ್ಲಿಸಿ, ಹಿಂದಕ್ಕೆ ತಿರುಗಿದ ಅಂಗೈಗೆ ನಿಮ್ಮ ರಸೀದಿಯನ್ನು ಹೆಸರು ಕಾಣುವಂತೆ ಅಂಟಿಸುತ್ತೇನೆ. ನೋಡಲು ಬಂದವರಿಗೆಲ್ಲ ಚರ್ಪು ಹಂಚುತ್ತಾ ನಿಮ್ಮ ಕಥೆ ಹೇಳುತ್ತೇನೆ. ಮೇಷ್ಟರೂ ಬರುವುದಾಗಿ ಒಪ್ಪಿದ್ದಾರೆ.

ಇಂತಿ,
ನಿಮ್ಮ ಮಾಜಿ ಗ್ರಾಹಕಿ